ತೋರುವ ಚಕ್ರ, ತಿರುಗುವ ಲೆಕ್ಕ

2016ರ ಆಗಸ್ಟ್‌ನಲ್ಲಿ ನ್ಯೂಯಾರ್ಕ್‌ನ ಕ್ವೀನ್ಸ್ ಪ್ರದೇಶದ ರೆಸಾರ್ಟ್ಸ್ ವರ್ಲ್ಡ್ ಕ್ಯಾಸಿನೊದಲ್ಲಿ ಮಹಿಳೆಯೊಬ್ಬರು ಸ್ಫಿಂಕ್ಸ್ ಎಂಬ ಸ್ಲಾಟ್ ಮಷೀನಿನ ಮುಂದೆ ಕೂತು ಆಡುತ್ತಿದ್ದರು. ಒಂದು ಸುತ್ತು ಮುಗಿದಾಗ ಪರದೆಯ ಮೇಲೆ 4,29,49,672.76 ಡಾಲರ್ ಎಂಬ ಮೊತ್ತ ಮೂಡಿತು. ಅದರ ಪಕ್ಕ ನಿಂತು ಆಕೆ ಫೋಟೊ ತೆಗೆದುಕೊಂಡರು. ಆಮೇಲೆ ಕ್ಯಾಸಿನೊದವರು ಹೇಳಿದ್ದು ಬೇರೆಯೇ ಮಾತು: ಯಂತ್ರ ಕೆಟ್ಟಿದೆ, ನೀವು ನಿಜವಾಗಿ ಗೆದ್ದಿರುವುದು 2 ಡಾಲರ್ 25 ಸೆಂಟ್, ಬೇಕಿದ್ದರೆ ಒಂದು ಊಟ ನಮ್ಮ ಕಡೆಯಿಂದ.

ಪತ್ರಿಕೆ ಓದಿದವರಿಗೆ ಅದು ದೊಡ್ಡ ಮೊತ್ತ, ಅಷ್ಟೇ. ಕಂಪ್ಯೂಟರ್ ಪ್ರೋಗ್ರಾಂ ಬರೆಯುವವರಿಗೆ ಅದು ಗುರುತಿನ ಮುಖ. 32 ಬಿಟ್‌ಗಳಲ್ಲಿ 4,29,49,67,296 ಬೇರೆ ಬೇರೆ ಸಂಖ್ಯೆಗಳನ್ನು ಇಡಬಹುದು. ಅಷ್ಟು ಸೆಂಟ್‌ಗಳನ್ನು ಡಾಲರ್ ಮಾಡಿದರೆ 4,29,49,672.96 ಆಗುತ್ತದೆ. ಪರದೆಯ ಮೇಲೆ ಕಂಡದ್ದು ಇದಕ್ಕಿಂತ ಸರಿಯಾಗಿ 20 ಸೆಂಟ್ ಕಡಿಮೆ. ಋಣ ಸಂಖ್ಯೆಗೆ ಜಾಗವೇ ಇಲ್ಲದ 32 ಬಿಟ್ ಖಾನೆಯಲ್ಲಿ ಸೊನ್ನೆಯಿಂದ 20 ಕಳೆದರೆ ಉಳಿಯುವುದು ಇದೇ ಸಂಖ್ಯೆ. ಆ ಯಂತ್ರದೊಳಗೆ ಏನು ನಡೆಯಿತೆಂದು ಹೊರಗಿನವರು ಆಣೆ ಮಾಡಿ ಹೇಳಲಾಗದು. ಆದರೆ ಆ ಸಂಖ್ಯೆ ತನ್ನ ಕುಲವನ್ನು ತಾನೇ ಹೇಳುತ್ತದೆ. ಎಲ್ಲೋ ಒಂದು ಕಡೆ ಇಲ್ಲದ ಹಣದಿಂದ 20 ಸೆಂಟ್ ಕಳೆದಂತಿದೆ. ಕಳೆಯುವ ಮುನ್ನ ಅಷ್ಟು ಹಣ ಇದೆಯೇ ಎಂದು ನೋಡುವ ಸಾಲು ಬಿಟ್ಟುಹೋಗಿದ್ದಿರಬೇಕು.

ಇಂಥದೇ ಇನ್ನೊಂದು ಪ್ರಕರಣ ಸುಪ್ರೀಂ ಕೋರ್ಟ್ ಮೆಟ್ಟಿಲು ಹತ್ತಿತು. 2011ರಲ್ಲಿ ಅಮೆರಿಕದ ಅಯೋವಾ ರಾಜ್ಯದ ಒಂದು ಕ್ಯಾಸಿನೊದಲ್ಲಿ ವೃದ್ಧೆಯೊಬ್ಬರಿಗೆ 4,17,97,550.16 ಡಾಲರ್ 'ಬೋನಸ್' ಬಂದಿದೆ ಎಂದು ಯಂತ್ರ ತೋರಿಸಿತು. ಆ ಆಟದ ನಿಯಮಗಳಲ್ಲಿ ಬೋನಸ್ ಎಂಬುದೇ ಇರಲಿಲ್ಲ. ಆಕೆಯ ನಿಜವಾದ ಗೆಲುವು 1 ಡಾಲರ್ 85 ಸೆಂಟ್. ಆಟದ ನಿಯಮವೇ ಒಪ್ಪಂದ, ನಿಯಮದಲ್ಲಿಲ್ಲದ್ದನ್ನು ಕೊಡಬೇಕಾಗಿಲ್ಲ ಎಂದು 2015ರಲ್ಲಿ ಅಯೋವಾ ರಾಜ್ಯದ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಕಾನೂನಿನ ಪ್ರಕಾರ ಅದು ಸರಿಯೇ ಇರಬಹುದು. ಆದರೆ ಆ ತೀರ್ಪಿನ ಒಳಗೆ ಒಂದು ದೊಡ್ಡ ಮಾತು ಅಡಗಿದೆ. ಕಣ್ಣಿಗೆ ಕಂಡದ್ದು ಗೆಲುವಲ್ಲ, ಒಳಗಿನ ಲೆಕ್ಕ ಹೇಳಿದ್ದೇ ಗೆಲುವು. ಆಡುವವರಿಗೆ ಅನುಕೂಲವಾಗುವಂತೆ ಪರದೆ ತಪ್ಪಿದಾಗ ಈ ಮಾತನ್ನು ಎಲ್ಲರೂ ಒಪ್ಪುತ್ತಾರೆ. ಅದೇ ಪರದೆ ಉದ್ದೇಶಪೂರ್ವಕವಾಗಿ, ದಿನವೂ, ಕ್ಯಾಸಿನೊಗೆ ಅನುಕೂಲವಾಗುವಂತೆ ಲೆಕ್ಕಕ್ಕಿಂತ ಬೇರೆಯದನ್ನು ತೋರಿಸಿದರೆ? ಸ್ಲಾಟ್ ಮಷೀನಿನ ತಂತ್ರಾಂಶದ ಕತೆ ಇರುವುದು ಇಲ್ಲಿ.

ಮೊದಲಿಗೆ ಕಣ್ಣೂ ಲೆಕ್ಕವೂ ಒಂದೇ ಆಗಿದ್ದವು. 1890ರ ದಶಕದಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಮೆಕ್ಯಾನಿಕ್ ಚಾರ್ಲ್ಸ್ ಫೇ ಕಟ್ಟಿದ 'ಲಿಬರ್ಟಿ ಬೆಲ್' ಯಂತ್ರದಲ್ಲಿ ಮೂರು ಚಕ್ರ, ಒಂದೊಂದರಲ್ಲೂ ಹತ್ತು ಮನೆ. ಹತ್ತು, ಹತ್ತು, ಹತ್ತು ಗುಣಿಸಿದರೆ 1,000 ಜೋಡಣೆ. ಮೂರು ಗಂಟೆಗಳು ಸಾಲಾಗಿ ನಿಂತರೆ 50 ಸೆಂಟ್, ಅದೇ ದೊಡ್ಡ ಬಹುಮಾನ. ತಾಳ್ಮೆಯಿಂದ ಚಕ್ರದ ಚಿತ್ರಗಳನ್ನು ಎಣಿಸಿದವನಿಗೆ ತನ್ನ ಅದೃಷ್ಟದ ಅಳತೆ ಕಾಗದದ ಮೇಲೆ ಸಿಗುತ್ತಿತ್ತು. ಯಂತ್ರದವನಿಗೆ ಲಾಭವಿತ್ತು, ಆಟಗಾರನಿಗೆ ನಷ್ಟವಿತ್ತು, ಆದರೆ ಕಂಡದ್ದು ಸುಳ್ಳಾಗಿರಲಿಲ್ಲ.

ಆ ಪ್ರಾಮಾಣಿಕತೆಗೆ ಒಂದು ಮಿತಿ ಇತ್ತು. ಚಕ್ರದ ಮೇಲೆ 22 ಮನೆಗಳಿದ್ದರೆ ಮೂರು ಚಕ್ರಗಳಿಗೆ 10,648 ಜೋಡಣೆ. ಹತ್ತು ಸಾವಿರ ಸುತ್ತಿಗೊಮ್ಮೆ ಬೀಳುವ ಜಾಕ್‌ಪಾಟ್‌ಗೆ ಹತ್ತು ಸಾವಿರ ನಾಣ್ಯಕ್ಕಿಂತ ಹೆಚ್ಚು ಕೊಟ್ಟರೆ ಮಾಲೀಕನ ಕೈ ಸುಡುತ್ತದೆ. ಚಕ್ರ ದೊಡ್ಡದು ಮಾಡಿದರೆ, ಇಲ್ಲವೇ ಚಕ್ರಗಳ ಸಂಖ್ಯೆ ಹೆಚ್ಚಿಸಿದರೆ, ಇದರಲ್ಲಿ ಗೆಲ್ಲುವುದು ಕಷ್ಟ ಎಂದು ಆಟಗಾರ ನೋಡಿದ ಕೂಡಲೇ ತಿಳಿದು ಮುಂದೆ ಹೋಗುತ್ತಾನೆ.

ಈ ಗಂಟನ್ನು ಬಿಡಿಸಿದವರು ನಾರ್ವೆ ಮೂಲದ ಇಂಗೆ ಟೆಲ್ನೆಸ್. 1984ರ ಮೇ ತಿಂಗಳಲ್ಲಿ ಅಮೆರಿಕದಲ್ಲಿ ಅವರಿಗೆ 44,48,419ನೇ ಸಂಖ್ಯೆಯ ಪೇಟೆಂಟ್ ಸಿಕ್ಕಿತು. ಉಪಾಯ ಕೇಳಲು ಬಹಳ ಸರಳ. ಚಕ್ರ ಎಲ್ಲಿ ನಿಲ್ಲಬೇಕೆಂಬುದನ್ನು ಚಕ್ರಕ್ಕೆ ಬಿಡಬೇಡಿ. ಒಳಗಿನ ಕಂಪ್ಯೂಟರ್ ಮೊದಲು ಒಂದು ಸಂಖ್ಯೆಯನ್ನು ಎತ್ತಲಿ, ಆಮೇಲೆ ಮೋಟಾರು ಚಕ್ರವನ್ನು ಆ ಸಂಖ್ಯೆಗೆ ಒಪ್ಪುವ ಮನೆಗೆ ತಂದು ನಿಲ್ಲಿಸಲಿ. ಹೊರಗಿನ ಚಕ್ರದಲ್ಲಿ 22 ಮನೆಗಳೇ ಇರಲಿ. ಒಳಗಿನ ಕಾಣದ ಚಕ್ರದಲ್ಲಿ 64 ಇರಬಹುದು, 128 ಇರಬಹುದು, 256 ಇರಬಹುದು. ಒಳಗೆ 64 ಮನೆಗಳಿದ್ದರೆ ಮೂರು ಚಕ್ರಗಳಿಗೆ 2,62,144 ಜೋಡಣೆ. 256 ಇದ್ದರೆ 1 ಕೋಟಿ 67 ಲಕ್ಷಕ್ಕೂ ಹೆಚ್ಚು. ಹೊರಗಿನಿಂದ ನೋಡಿದವರಿಗೆ ಅದೇ ಹಳೆಯ, ಪರಿಚಯದ, ಪುಟ್ಟ ಯಂತ್ರ. ಯಂತ್ರದಲ್ಲಿ ನಿಜವಾಗಿ ಇರುವುದಕ್ಕಿಂತ ಹೆಚ್ಚಿನ ಗೆಲುವಿನ ಅವಕಾಶ ಇರುವಂತೆ ಆಟಗಾರರಿಗೆ ತೋರಬೇಕಾದದ್ದು ಮುಖ್ಯ ಎಂಬ ಅರ್ಥದ ಮಾತು ಆ ಪೇಟೆಂಟಿನಲ್ಲೇ ಇದೆ. ಮುಚ್ಚುಮರೆ ಏನಿಲ್ಲ.

ಈ ಉಪಾಯದ ಎರಡನೆಯ ಮಡಿಕೆ ಇನ್ನೂ ಸೂಕ್ಷ್ಮ. ಒಳಗಿನ 64 ಸಂಖ್ಯೆಗಳನ್ನು ಹೊರಗಿನ 22 ಮನೆಗಳಿಗೆ ಹಂಚಬೇಕಲ್ಲವೇ? ಸಮನಾಗಿ ಹಂಚಬೇಕೆಂಬ ನಿಯಮವಿಲ್ಲ. ಒಂದು ಉದಾಹರಣೆ ಕಟ್ಟಿ ನೋಡೋಣ. ಜಾಕ್‌ಪಾಟ್ ಚಿತ್ರಕ್ಕೆ 64ರಲ್ಲಿ ಒಂದೇ ಸಂಖ್ಯೆ ಕೊಡಿ. ಅದರ ಮೇಲಿನ ಖಾಲಿ ಮನೆಗೆ 5, ಕೆಳಗಿನ ಖಾಲಿ ಮನೆಗೆ 5 ಕೊಡಿ. ಈಗ ಜಾಕ್‌ಪಾಟ್ ಚಿತ್ರ ಗೆರೆಯ ಮೇಲೆ ಬರುವುದು 64ರಲ್ಲಿ 1 ಸಲ. ಗೆರೆಗಿಂತ ಒಂದು ಮನೆ ಮೇಲೋ ಕೆಳಗೋ ಕಾಣುವುದು 64ರಲ್ಲಿ 10 ಸಲ. ಪ್ರಾಮಾಣಿಕ ಚಕ್ರದಲ್ಲಿ 'ಒಂದು ಗೆರೆ ತಪ್ಪಿತು' ಎನ್ನುವಂಥದ್ದು ಗೆಲುವಿಗಿಂತ ಎರಡು ಪಟ್ಟು ಸಲ ಆಗಬೇಕಿತ್ತು. ಇಲ್ಲಿ ಹತ್ತು ಪಟ್ಟು ಆಗುತ್ತದೆ. ಆಟಗಾರ ಪ್ರತಿ ಸಲವೂ ತಾನು ಹತ್ತಿರ ಹತ್ತಿರ ಬರುತ್ತಿದ್ದೇನೆ ಎಂದುಕೊಳ್ಳುತ್ತಾನೆ. ಲೆಕ್ಕದಲ್ಲಿ ಹತ್ತಿರ ಎಂಬುದೇ ಇಲ್ಲ. ಒಂದು ಮನೆ ತಪ್ಪಿದ ಸೋಲೂ ಹತ್ತು ಮನೆ ತಪ್ಪಿದ ಸೋಲೂ ಒಂದೇ ಸೋಲು.

2009ರಲ್ಲಿ ಕೇಂಬ್ರಿಜ್‌ನ ಲ್ಯೂಕ್ ಕ್ಲಾರ್ಕ್ ಮತ್ತು ಸಂಗಡಿಗರು ಇಂಥ ಕೂದಲೆಳೆಯ ಸೋಲುಗಳನ್ನು ಕಾಣುವಾಗ ಜನರ ಮಿದುಳನ್ನು ಸ್ಕ್ಯಾನ್ ಮಾಡಿ 'ನ್ಯೂರಾನ್' ಪತ್ರಿಕೆಯಲ್ಲಿ ವರದಿ ಮಾಡಿದರು. ನಿಜವಾಗಿ ಗೆದ್ದಾಗ ಚುರುಕಾಗುವ ಮಿದುಳಿನ ಭಾಗಗಳು ಕೂದಲೆಳೆಯಲ್ಲಿ ಸೋತಾಗಲೂ ಚುರುಕಾಗುತ್ತಿದ್ದವು. ಆ ಸೋಲು ಹಿತವಾಗಿರಲಿಲ್ಲ ಎಂದೇ ಆಡಿದವರು ಹೇಳಿದರು; ಆದರೂ ಇನ್ನೊಮ್ಮೆ ಆಡಬೇಕೆಂಬ ಆಸೆ ಏರುತ್ತಿತ್ತು. ಹೀಗಾಗಿ ಖಾಲಿ ಮನೆಗೆ 5 ಸಂಖ್ಯೆ ಕೊಡಬೇಕೋ 2 ಕೊಡಬೇಕೋ ಎಂಬುದು ಪ್ರೋಗ್ರಾಮರನ ಕೋಷ್ಟಕದ ಸಣ್ಣ ವಿವರವಲ್ಲ.

ಇನ್ನು ಆ ಸಂಖ್ಯೆ ಎಲ್ಲಿಂದ ಬರುತ್ತದೆ ನೋಡೋಣ. ಯಂತ್ರದೊಳಗೆ ಒಂದು ಯಾದೃಚ್ಛಿಕ ಸಂಖ್ಯಾಜನಕ ಇರುತ್ತದೆ. ಹೆಸರು ದೊಡ್ಡದು, ಕೆಲಸ ಗಣಿತದ್ದು: ಒಂದು ಸಂಖ್ಯೆಯನ್ನು ತೆಗೆದುಕೊಂಡು, ಗುಣಿಸಿ, ಕೂಡಿಸಿ, ಬಿಟ್‌ಗಳನ್ನು ಕಲಕಿ ಮುಂದಿನ ಸಂಖ್ಯೆಯನ್ನು ಹೊರಹಾಕುತ್ತದೆ. ಯಾರೂ ಆಡದಿದ್ದಾಗಲೂ ಇದು ಸುಮ್ಮನಿರುವುದಿಲ್ಲ, ಹಿನ್ನೆಲೆಯಲ್ಲಿ ಓಡುತ್ತಲೇ ಇರುತ್ತದೆ. ಆಟಗಾರ ಗುಂಡಿ ಒತ್ತಿದ ಗಳಿಗೆಯಲ್ಲಿ ಸಿಕ್ಕ ಸಂಖ್ಯೆಗಳೇ ಫಲಿತಾಂಶ. ಚಕ್ರಗಳು ತಿರುಗಲು ತೊಡಗುವ ಮೊದಲೇ ತೀರ್ಮಾನ ಆಗಿಹೋಗಿರುತ್ತದೆ. ಅವು ತಿರುಗುವುದು ಆ ತೀರ್ಮಾನವನ್ನು ತೋರಿಸುವುದಕ್ಕೆ ಮಾತ್ರ.

ಈ ಹಂತದಲ್ಲಿ ಹೊಸ ಪ್ರೋಗ್ರಾಮರ್ ಎಡವುವ ಒಂದು ಜಾಗ ಇದೆ, ಅದನ್ನು ಹೇಳದೆ ಮುಂದೆ ಹೋಗಲಾರೆ. ಜನಕ 0ಯಿಂದ 255ರವರೆಗಿನ ಸಂಖ್ಯೆ ಕೊಡುತ್ತದೆ ಎಂದುಕೊಳ್ಳಿ. ನಮಗೆ ಬೇಕಾದದ್ದು 22 ಮನೆಗಳಲ್ಲಿ ಒಂದು. ಬಂದ ಸಂಖ್ಯೆಯನ್ನು 22ರಿಂದ ಭಾಗಿಸಿ ಶೇಷ ತೆಗೆದುಕೊಂಡರೆ ಆಯಿತು ಎಂದು ಯಾರಿಗಾದರೂ ಅನ್ನಿಸುತ್ತದೆ. ಆದರೆ 256ನ್ನು 22 ಸಮನಾಗಿ ಭಾಗಿಸುವುದಿಲ್ಲ, 14 ಉಳಿಯುತ್ತದೆ. ಹಾಗಾಗಿ ಮೊದಲ 14 ಮನೆಗಳಿಗೆ ತಲಾ 12 ಸಂಖ್ಯೆ, ಉಳಿದ 8 ಮನೆಗಳಿಗೆ ತಲಾ 11 ಸಿಗುತ್ತವೆ. ಕೆಲವು ಮನೆಗಳು ಇತರ ಮನೆಗಳಿಗಿಂತ ಶೇಕಡ 9ರಷ್ಟು ಹೆಚ್ಚು ಸಲ ಬರುತ್ತವೆ. ಜಾಕ್‌ಪಾಟ್ ಯಾವ ಗುಂಪಿನಲ್ಲಿದೆ ಎಂಬುದರ ಮೇಲೆ ಕ್ಯಾಸಿನೊವೋ ಆಟಗಾರನೋ ಸದ್ದಿಲ್ಲದೆ ಕಳೆದುಕೊಳ್ಳುತ್ತಿರುತ್ತಾರೆ. ಪರಿಹಾರ ಸುಲಭ: 242 ಅಥವಾ ಅದಕ್ಕಿಂತ ದೊಡ್ಡ ಸಂಖ್ಯೆ ಬಂದರೆ ಅದನ್ನು ಎಸೆದು ಇನ್ನೊಂದನ್ನು ಎತ್ತುವುದು. ತಪ್ಪು ಕಂಡರೆ ತಿದ್ದುವುದು ಎರಡು ಸಾಲಿನ ಕೆಲಸ. ಕಾಣುವುದು ಹೇಗೆ?

ಅದಕ್ಕೆ ಬೇಕಾದ ಸಲಕರಣೆ ಸ್ಲಾಟ್ ಮಷೀನಿನಷ್ಟೇ ಹಳೆಯದು, ಅದರ ಹುಟ್ಟಿಗೂ ಜೂಜಿನ ಗಾಳಿ ಬಡಿದಿದೆ. 1890ರ ದಶಕದಲ್ಲಿ ಲಂಡನ್ನಿನ ಗಣಿತಜ್ಞ ಕಾರ್ಲ್ ಪಿಯರ್ಸನ್ ಮಾಂಟೆ ಕಾರ್ಲೊದ ರೂಲೆಟ್ ಚಕ್ರಗಳ ಫಲಿತಾಂಶಗಳನ್ನು ಪರಿಶೀಲಿಸಿದರು. ಅಲ್ಲಿನ ಪತ್ರಿಕೆಯೊಂದು ಅವನ್ನು ನಿಯಮಿತವಾಗಿ ಪ್ರಕಟಿಸುತ್ತಿತ್ತು. ಕೆಂಪು, ಕಪ್ಪುಗಳ ಒಟ್ಟು ಸಂಖ್ಯೆ ಸರಿಯಾಗಿತ್ತು. ಆದರೆ ಒಂದೇ ಬಣ್ಣ ಸಾಲುಸಾಲಾಗಿ ಬರುವ ರೀತಿ ಸಂಭವನೀಯತೆಯ ಗಣಿತಕ್ಕೆ ಒಗ್ಗುತ್ತಿರಲಿಲ್ಲ. ಕ್ಯಾಸಿನೊ ಮುಚ್ಚಿಸಿ ಅದರ ಹಣವನ್ನು ವಿಜ್ಞಾನಕ್ಕೆ ಕೊಡಬೇಕೆಂದು ಅವರು 1894ರಲ್ಲಿ ಬರೆದರು. ಕಂಡ ಸಂಖ್ಯೆಗೂ ನಿರೀಕ್ಷಿಸಿದ ಸಂಖ್ಯೆಗೂ ಇರುವ ಅಂತರ ಆಕಸ್ಮಿಕವೋ ಅಲ್ಲವೋ ಎಂದು ತೂಗುವ ಕೈ-ವರ್ಗ ಪರೀಕ್ಷೆಯನ್ನು 1900ರಲ್ಲಿ ಪ್ರಕಟಿಸಿದರು. ಇಂದು ಸ್ಲಾಟ್ ಮಷೀನುಗಳ ಪ್ರಯೋಗಾಲಯಗಳಲ್ಲಿ ದಿನವೂ ಓಡುವುದು ಅದೇ ಪರೀಕ್ಷೆ.

ನಮ್ಮ 22 ಮನೆಗಳ ಚಕ್ರವನ್ನು 2,20,000 ಸಲ ತಿರುಗಿಸಿದರೆ ಪ್ರತಿ ಮನೆಯೂ ಸುಮಾರು 10,000 ಸಲ ಬರಬೇಕು. ಸಹಜವಾದ ಏರಿಳಿತ 100ರ ಆಸುಪಾಸು. ಮೇಲೆ ಹೇಳಿದ ತಪ್ಪಿದ್ದರೆ ಕೆಲವು ಮನೆಗಳು 10,312ರ ಸುತ್ತ, ಇನ್ನು ಕೆಲವು 9,453ರ ಸುತ್ತ ಬಂದು ಕಳ್ಳತನ ಬಯಲಾಗುತ್ತದೆ. ತಿರುಗುಮುರುಗಾಗಿ, ಪ್ರತಿ ಮನೆಯೂ ಕರಾರುವಾಕ್ಕಾಗಿ 10,000 ಸಲವೇ ಬಂದರೂ ಪರೀಕ್ಷಕರು ಹುಬ್ಬೇರಿಸಬೇಕು. ಅದೃಷ್ಟ ಅಷ್ಟು ಶಿಸ್ತಿನದಲ್ಲ. ಅಮೆರಿಕದ ನೆವಾಡ ರಾಜ್ಯದ ನಿಯಮಾವಳಿ ಈ ಪರೀಕ್ಷೆಯಲ್ಲಿ ಶೇಕಡ 95ರ ವಿಶ್ವಾಸಮಟ್ಟವನ್ನು ಕೇಳುತ್ತದೆ. ಇದರ ಜೊತೆಗೆ ಒಂದರ ನಂತರ ಒಂದು ಬರುವ ಸಂಖ್ಯೆಗಳ ನಡುವೆ ನಂಟಿದೆಯೇ ಎಂದು ನೋಡುವ ಬೇರೆ ಪರೀಕ್ಷೆಗಳೂ ಇವೆ.

ಸಂತೆಯ ತಕ್ಕಡಿ, ತೂಕದ ಬಟ್ಟುಗಳನ್ನು ಪರೀಕ್ಷಿಸಿ ಮುದ್ರೆ ಒತ್ತುವ ಇಲಾಖೆ ನಮ್ಮಲ್ಲಿದೆಯಲ್ಲ, ಈ ಪ್ರಯೋಗಾಲಯಗಳದ್ದೂ ಅದೇ ಕೆಲಸ. ಮೆಲ್ಬರ್ನ್‌ನಲ್ಲಿ 1981ರಲ್ಲಿ ಶುರುವಾದ ಬಿಎಂಎಂ, ಅಮೆರಿಕದಲ್ಲಿ 1989ರಲ್ಲಿ ಶುರುವಾದ ಗೇಮಿಂಗ್ ಲ್ಯಾಬೊರೇಟರೀಸ್ ಇಂಟರ್‌ನ್ಯಾಷನಲ್ ಇವುಗಳಲ್ಲಿ ಹೆಸರಾದವು. ಯಂತ್ರ ತಯಾರಕರು ತಮ್ಮ ತಂತ್ರಾಂಶದ ಮೂಲ ಸಾಲುಗಳನ್ನೂ 'ಪಾರ್ ಶೀಟ್' ಎಂಬ ಲೆಕ್ಕದ ಹಾಳೆಯನ್ನೂ ಇವರ ಮುಂದಿಡಬೇಕು. ಪ್ರತಿ ಚಕ್ರದಲ್ಲಿ ಯಾವ ಚಿತ್ರ ಎಷ್ಟಿದೆ, ಯಾವ ಜೋಡಣೆಗೆ ಎಷ್ಟು ಹಣ, ನೂರು ರೂಪಾಯಿ ಪಣಕ್ಕೆ ದೀರ್ಘಾವಧಿಯಲ್ಲಿ ಎಷ್ಟು ಮರಳುತ್ತದೆ, ಎಲ್ಲವೂ ಆ ಹಾಳೆಯಲ್ಲಿರುತ್ತದೆ. ನೆವಾಡದಲ್ಲಿ ಈ ಮರಳಿಕೆ ಕನಿಷ್ಠ ಶೇಕಡ 75 ಇರಬೇಕೆಂದು ನಿಯಮ.

ಹಾಳೆಯ ಮಾತನ್ನು ಯಂತ್ರ ನಡೆಸಿಕೊಡುತ್ತದೆಯೇ ಎಂದು ತಿಳಿಯಲು ಎರಡು ದಾರಿ. ಸಾಧ್ಯವಿರುವ ಎಲ್ಲ ಜೋಡಣೆಗಳನ್ನೂ ಎಣಿಸಿಬಿಡುವುದು ಒಂದು. ಐದು ಚಕ್ರದ ಆಟದಲ್ಲಿ ಮೂರೂವರೆ ಕೋಟಿ ಜೋಡಣೆಗಳಿದ್ದರೂ ಕಂಪ್ಯೂಟರಿಗೆ ಅದು ಹಗುರ. ಬೋನಸ್ ಸುತ್ತುಗಳು, ಒಂದರೊಳಗೊಂದು ಆಟಗಳು ಸೇರಿದಾಗ ಎಣಿಕೆ ಕೈಮೀರುತ್ತದೆ. ಆಗ ಆಡಿಸಿಯೇ ನೋಡಬೇಕು. ಎಷ್ಟು ಆಡಿಸಬೇಕು? ಒಂದು ಸುತ್ತಿನ ಗೆಲುವಿನ ಏರಿಳಿತ ಪಣದ ಹತ್ತು ಪಟ್ಟು ಎಂದಿಟ್ಟುಕೊಂಡರೆ, ಮರಳಿಕೆಯನ್ನು ಶೇಕಡ 0.1ರ ಒಳಗೆ ನಂಬಿಕೆಯಿಂದ ಹೇಳಲು 40 ಕೋಟಿ ಸುತ್ತು ಬೇಕು. ಗಂಟೆಗೆ 600 ಸುತ್ತಿನಂತೆ ಹಗಲಿರುಳು ಆಡುವ ಮನುಷ್ಯನಿಗೆ 76 ವರ್ಷ ಹಿಡಿಯುತ್ತದೆ. 'ಈ ಯಂತ್ರ ಈಚೆಗೆ ಕೊಡುತ್ತಿಲ್ಲ, ಇನ್ನು ಕೊಟ್ಟೇ ಕೊಡುತ್ತದೆ' ಎಂದು ಒಂದು ಸಂಜೆಯ ಅನುಭವದಿಂದ ಹೇಳುವವರ ಮಾತಿಗೆ ಎಷ್ಟು ತೂಕವಿದೆ ಎಂಬುದೂ ಇದರಿಂದ ತಿಳಿಯುತ್ತದೆ.

ಸಂಖ್ಯೆಗಳ ಪರೀಕ್ಷೆ ಪಾಸಾದ ಮಾತ್ರಕ್ಕೆ ಯಂತ್ರ ಭದ್ರವೆಂದು ಅರ್ಥವಲ್ಲ. ಸಮನಾಗಿ ಹಂಚಿಕೆಯಾಗುವುದು ಬೇರೆ, ಊಹಿಸಲಾಗದಿರುವುದು ಬೇರೆ. 2014ರಲ್ಲಿ ಸೇಂಟ್ ಲೂಯಿಸ್ ನಗರದ ಲ್ಯುಮಿಯೆರ್ ಪ್ಲೇಸ್ ಕ್ಯಾಸಿನೊದಲ್ಲಿ ಅರಿಸ್ಟೊಕ್ರಾಟ್ ಎಂಬ ಕಂಪನಿಯ ಕೆಲವು ಹಳೆಯ ಯಂತ್ರಗಳು ಲೆಕ್ಕ ಮೀರಿ ಹಣ ಕೊಟ್ಟವು. ಕ್ಯಾಮೆರಾ ನೋಡಿದಾಗ ಒಬ್ಬ ಆಟಗಾರ ಫೋನನ್ನು ಪರದೆಯ ಹತ್ತಿರ ಹಿಡಿಯುವುದು, ಆಮೇಲೆ ಬೆರಳನ್ನು ಗುಂಡಿಯ ಮೇಲೆ ತೇಲಿಸಿ ಕಾದು ಫಕ್ಕನೆ ಒತ್ತುವುದು ಕಂಡಿತು. ಆತ ಸುಮಾರು ಎರಡು ಡಜನ್ ಸುತ್ತುಗಳ ವಿಡಿಯೊವನ್ನು ರಷ್ಯಾದ ಸೇಂಟ್ ಪೀಟರ್ಸ್‌ಬರ್ಗ್‌ಗೆ ಕಳಿಸುತ್ತಿದ್ದ. 2009ರಲ್ಲಿ ರಷ್ಯಾ ಬಹುಪಾಲು ಕ್ಯಾಸಿನೊಗಳನ್ನು ಮುಚ್ಚಿಸಿದಾಗ ಹಳೆಯ ಯಂತ್ರಗಳು ಅಗ್ಗವಾಗಿ ಸಿಗುತ್ತಿದ್ದವು. ಅವನ್ನು ಬಿಚ್ಚಿ ಸಂಖ್ಯಾಜನಕದ ಸೂತ್ರ ಕಂಡುಕೊಂಡವರು ಆ ತುದಿಯಲ್ಲಿದ್ದರು. ಬಂದ ಸಂಖ್ಯೆಗಳಿಂದ ಜನಕ ಈಗ ಎಲ್ಲಿದೆ ಎಂದು ಅವರು ಲೆಕ್ಕ ಹಾಕಿ, ಒಳ್ಳೆಯ ಗಳಿಗೆ ಬರುವ ಕಾಲು ಸೆಕೆಂಡ್ ಮೊದಲು ಫೋನ್ ನಡುಗುವಂತೆ ಮಾಡುತ್ತಿದ್ದರು. ನಡುಕ ತಿಳಿದು ಬೆರಳು ಗುಂಡಿ ಒತ್ತಲು ಅಷ್ಟು ಹೊತ್ತು ಬೇಕಲ್ಲ! ಪಿಯರ್ಸನ್ನರ ಪರೀಕ್ಷೆಯಲ್ಲಿ ನೂರಕ್ಕೆ ನೂರು ಪಡೆಯಬಲ್ಲ ಸೂತ್ರವೂ ಮೂಲ ತಿಳಿದವನ ಮುಂದೆ ಪಂಚಾಂಗದಷ್ಟೇ ಬಯಲು.

ಟೆಸ್ಟಿಂಗ್‌ನವರ ದಿನಚರಿ ಇಷ್ಟು ರೋಚಕವಲ್ಲ, ಆದರೆ ಅದರಲ್ಲೊಂದು ಹಟವಿದೆ. ಚಕ್ರ ತಿರುಗುತ್ತಿರುವಾಗಲೇ ಬೇಕೆಂದು ಕರೆಂಟ್ ತೆಗೆಯುತ್ತಾರೆ. ಕರೆಂಟ್ ಬಂದ ಮೇಲೆ ಯಂತ್ರ ಅದೇ ಆಟವನ್ನು ಅದೇ ಫಲಿತಾಂಶದೊಂದಿಗೆ ಮುಗಿಸಬೇಕು, ಒಂದು ಸೆಂಟ್ ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ಅದಕ್ಕಾಗಿ ಮುಖ್ಯ ಲೆಕ್ಕಗಳನ್ನು ಕರೆಂಟ್ ಹೋದರೂ ಅಳಿಯದ ನೆನಪಿನಲ್ಲಿ ಒಂದಕ್ಕಿಂತ ಹೆಚ್ಚು ಕಡೆ ಬರೆದಿಟ್ಟು, ಪ್ರತಿಗಳು ಒಂದಕ್ಕೊಂದು ಹೊಂದುತ್ತವೆಯೇ ಎಂದು ಯಂತ್ರವೇ ನೋಡುತ್ತಿರುತ್ತದೆ. ಹೊಂದದಿದ್ದರೆ ಆಟ ನಿಲ್ಲಬೇಕು. ನೋಟು ಅರ್ಧ ಒಳಗೆ ಹೋದಾಗ ಎಳೆಯುತ್ತಾರೆ, ಬಾಗಿಲು ತೆರೆಯುತ್ತಾರೆ, ಸ್ಥಾಯಿ ವಿದ್ಯುತ್ತಿನ ಕಿಡಿ ಹಾರಿಸುತ್ತಾರೆ. ಕೋಟಿ ಸುತ್ತಿಗೊಮ್ಮೆ ಬರುವ ಜಾಕ್‌ಪಾಟಿನ ಪರದೆ ಸರಿಯಿದೆಯೇ ಎಂದು ನೋಡಲು ಕೋಟಿ ಸುತ್ತು ಕಾಯಲಾಗದು; ಹಾಗಾಗಿ ಬೇಕಾದ ಫಲಿತಾಂಶವನ್ನು ಒತ್ತಾಯದಿಂದ ತರಿಸುವ ಕೀಲಿ ಟೆಸ್ಟಿಂಗ್ ಆವೃತ್ತಿಯಲ್ಲಿ ಇರುತ್ತದೆ. ಮಾರಾಟಕ್ಕೆ ಹೋಗುವ ಆವೃತ್ತಿಯಲ್ಲಿ ಅದರ ನೆರಳೂ ಇರಕೂಡದು.

ಅಂಥ ಕೀಲಿ ತಪ್ಪು ಕೈಗೆ ಸಿಕ್ಕರೆ ಏನಾಗುತ್ತದೆ ಎಂಬುದನ್ನು ನೆವಾಡ ಕಂಡಿದೆ. ರಾನ್ ಹ್ಯಾರಿಸ್ ಅಲ್ಲಿನ ಗೇಮಿಂಗ್ ಕಂಟ್ರೋಲ್ ಬೋರ್ಡಿನ ಕಂಪ್ಯೂಟರ್ ತಜ್ಞ. ಕ್ಯಾಸಿನೊಗಳಿಗೆ ಹೋಗಿ ಯಂತ್ರಗಳ ಚಿಪ್‌ಗಳು ಅಸಲಿಯೇ ಎಂದು ಪರೀಕ್ಷಿಸುವುದು ಅವನ ವಿಭಾಗದ ಕೆಲಸ. ಪರೀಕ್ಷೆಯ ಸಾಧನವನ್ನೇ ಅವನು ತಿದ್ದಿದ. ನಾಣ್ಯಗಳನ್ನು ಒಂದು ನಿರ್ದಿಷ್ಟ ಕ್ರಮದಲ್ಲಿ ಹಾಕಿದರೆ ಹಣ ಸುರಿಯುವ ಸಾಲುಗಳನ್ನು ಆ ಸಾಧನ ಚಿಪ್‌ಗೆ ಸೇರಿಸುತ್ತಿತ್ತು. 1995ರಲ್ಲಿ ಅಟ್ಲಾಂಟಿಕ್ ಸಿಟಿಯಲ್ಲಿ ಅವನ ಜೊತೆಗಾರ ಕೀನೊ ಎಂಬ ಸಂಖ್ಯೆಯ ಆಟದಲ್ಲಿ 1,00,000 ಡಾಲರ್ ಗೆದ್ದು, ಅಚ್ಚರಿಯನ್ನೇ ತೋರದೆ ನಗದು ಕೇಳಿದಾಗ ಅನುಮಾನ ಹುಟ್ಟಿ ಇಬ್ಬರೂ ಸಿಕ್ಕಿಬಿದ್ದರು. ಪರೀಕ್ಷೆಯ ಸಾಧನವನ್ನು ಪರೀಕ್ಷಿಸುವವರು ಯಾರು ಎಂಬ ಪ್ರಶ್ನೆ ಅಂದಿನಿಂದ ಈ ವೃತ್ತಿಯನ್ನು ಬಿಟ್ಟಿಲ್ಲ.

ಕಳ್ಳರಿಲ್ಲದೆಯೂ ತಂತ್ರಾಂಶ ತಪ್ಪುತ್ತದೆ. ಐಜಿಟಿ ಕಂಪನಿಯ 'ಗೇಮ್ ಕಿಂಗ್' ವಿಡಿಯೊ ಪೋಕರ್ ಯಂತ್ರಗಳಲ್ಲಿ ಒಂದು ದೋಷ ಸುಮಾರು ಏಳು ವರ್ಷ ಯಾರ ಕಣ್ಣಿಗೂ ಬೀಳದೆ ಕೂತಿತ್ತು. ಒಂದೇ ಯಂತ್ರದಲ್ಲಿ ಹಲವು ಆಟ, ಪ್ರತಿ ಆಟಕ್ಕೂ ಹಲವು ಪಣದ ದರ. ಕಡಿಮೆ ದರದಲ್ಲಿ ದೊಡ್ಡ ಕೈ ಗೆದ್ದು, ಬೇರೆ ಆಟಕ್ಕೆ ಹೋಗಿ, ಹಣ ಹಾಕಿ, ದರವನ್ನು ಗರಿಷ್ಠಕ್ಕೆ ಏರಿಸಿ ಹಳೆಯ ಆಟಕ್ಕೆ ಮರಳಿ ಹಣ ಕೇಳಿದರೆ, ಯಂತ್ರ ಹಳೆಯ ಗೆಲುವನ್ನು ಹೊಸ ದರದಲ್ಲಿ ಮತ್ತೆ ಲೆಕ್ಕ ಹಾಕುತ್ತಿತ್ತು. ಅದೂ 'ಡಬಲ್ ಅಪ್' ಎಂಬ ಆಯ್ಕೆಯನ್ನು ಕ್ಯಾಸಿನೊ ಚಾಲೂ ಮಾಡಿದ್ದರೆ ಮಾತ್ರ. 2009ರಲ್ಲಿ ಲಾಸ್ ವೇಗಸ್‌ನ ಒಬ್ಬ ಆಟಗಾರ ಇದಕ್ಕೆ ಎಡತಾಕಿ ಐದು ಲಕ್ಷ ಡಾಲರಿಗೂ ಹೆಚ್ಚು ಗೆದ್ದ. ಪ್ರಯೋಗಾಲಯದವರಿಗೆ ಯಾಕೆ ಸಿಗಲಿಲ್ಲ? ಹತ್ತು ಬಗೆಯ ಗುಂಡಿಗಳಿದ್ದು ಆರು ಸಲ ಒತ್ತುವುದಾದರೆ ಹತ್ತು ಲಕ್ಷ ಕ್ರಮಗಳು, ಎಂಟು ಸಲವಾದರೆ ಹತ್ತು ಕೋಟಿ. ಸಂಖ್ಯಾಜನಕಕ್ಕೆ ಸಂಖ್ಯಾಶಾಸ್ತ್ರವಿದೆ, ಮನುಷ್ಯನ ಬೆರಳು ಯಾವ ದಾರಿ ಹಿಡಿಯುತ್ತದೆ ಎಂಬುದಕ್ಕೆ ಅಂಥ ಶಾಸ್ತ್ರವಿಲ್ಲ. ಸರ್ಕಾರ ಅವನ ಮೇಲೆ ಕಂಪ್ಯೂಟರ್ ವಂಚನೆಯ ಆರೋಪ ಹೊರಿಸಿ, 2013ರಲ್ಲಿ ಕೈಬಿಟ್ಟಿತು. ಯಂತ್ರ ಒತ್ತಲು ಬಿಟ್ಟ ಗುಂಡಿಗಳನ್ನೇ ಅವನು ಒತ್ತಿದ್ದ. ಆ ಕೈಬಿಟ್ಟದ್ದು ನ್ಯಾಯವೆಂದೇ ನನ್ನ ಎಣಿಕೆ.

ಪರದೆ ಏನು ತೋರಿಸಬಹುದು ಎಂಬ ಪ್ರಶ್ನೆಗೆ ನೆವಾಡ ಒಮ್ಮೆ ಗಟ್ಟಿಯಾಗಿ ಉತ್ತರಿಸಿತ್ತು. 1980ರ ದಶಕದ ಕೊನೆಯಲ್ಲಿ ಯೂನಿವರ್ಸಲ್ ಎಂಬ ಜಪಾನೀ ಕಂಪನಿಯ ಯಂತ್ರಗಳು ಮೊದಲು 'ಸೋಲು' ಎಂದು ತೀರ್ಮಾನಿಸಿ, ಆಮೇಲೆ ಯಾವ ಸೋಲನ್ನು ತೋರಿಸಬೇಕೆಂದು ಎರಡನೇ ಸಲ ಆರಿಸುತ್ತಿದ್ದವು. ಆ ಎರಡನೇ ಆಯ್ಕೆ ಕೂದಲೆಳೆಯ ಸೋಲುಗಳ ಕಡೆ ವಾಲಿತ್ತು. ಫಲಿತಾಂಶ ಆದ ಮೇಲೆ ತೋರಿಕೆಯನ್ನು ಬದಲಿಸುವ ಇನ್ನೊಂದು ತೀರ್ಮಾನ ಕೂಡದು ಎಂದು ನೆವಾಡ ಅದನ್ನು ನಿಲ್ಲಿಸಿತು. ಟೆಲ್ನೆಸ್ ಪದ್ಧತಿ ಮಾತ್ರ ಉಳಿಯಿತು. ಅದರಲ್ಲಿ ಎರಡನೇ ತೀರ್ಮಾನ ಇಲ್ಲ, ಕೋಷ್ಟಕವನ್ನು ಮೊದಲೇ ಬರೆದಿಟ್ಟಿರುತ್ತಾರೆ ಎಂಬುದು ವಾದ. ಆಟಗಾರನ ಕಣ್ಣಿಗೆ ಎರಡರ ಫಲವೂ ಒಂದೇ. ಈ ವ್ಯತ್ಯಾಸ ನನಗೆ ವಕೀಲರ ವ್ಯತ್ಯಾಸವಾಗಿ ಕಾಣುತ್ತದೆ.

ಅದೇ ನೆವಾಡದಲ್ಲಿ ಇಸ್ಪೀಟಿನ ಎಲೆ, ದಾಳಗಳನ್ನು ಪರದೆಯ ಮೇಲೆ ತೋರಿಸುವ ಯಂತ್ರಕ್ಕೆ ಬೇರೆ ನಿಯಮ. ಅವು ನಿಜವಾದ ಎಲೆಗಳಂತೆಯೇ ಬೀಳಬೇಕು, 52 ಎಲೆಗಳಲ್ಲಿ ಪ್ರತಿಯೊಂದಕ್ಕೂ ಸಮಾನ ಅವಕಾಶ ಇರಬೇಕು. ಹೀಗಾಗಿಯೇ ವಿಡಿಯೊ ಪೋಕರ್ ಯಂತ್ರದ ಮುಖದ ಮೇಲಿನ ಬಹುಮಾನ ಪಟ್ಟಿಯನ್ನು ಓದಿ ಯಾರು ಬೇಕಾದರೂ ಅದರ ಮರಳಿಕೆಯನ್ನು ಲೆಕ್ಕ ಹಾಕಬಹುದು. ಎಲೆಗೆ ಸಿಕ್ಕ ಈ ನ್ಯಾಯ ಚಕ್ರಕ್ಕೆ ಯಾಕೆ ಸಿಗಲಿಲ್ಲ ಎಂಬುದಕ್ಕೆ ಗಣಿತದಲ್ಲಿ ಕಾರಣವಿಲ್ಲ.

ಆಸ್ಟ್ರೇಲಿಯಾದಲ್ಲಿ ಈ ಪ್ರಶ್ನೆ ನೇರವಾಗಿ ನ್ಯಾಯಾಲಯಕ್ಕೆ ಬಂತು. ಅರಿಸ್ಟೊಕ್ರಾಟ್ ಕಂಪನಿಯ 'ಡಾಲ್ಫಿನ್ ಟ್ರೆಷರ್' ಯಂತ್ರದಲ್ಲಿ ಐದು ಚಕ್ರ. ಮೊದಲ ನಾಲ್ಕರಲ್ಲಿ 30 ಚಿತ್ರ, ಐದನೆಯದರಲ್ಲಿ 44. ಪರದೆಯ ಮೇಲೆ ಐದೂ ಒಂದೇ ಅಳತೆಯ ಚಕ್ರಗಳಂತೆ ಕಾಣುತ್ತಿದ್ದವು. ಇದು ದಾರಿ ತಪ್ಪಿಸುವ ವಿನ್ಯಾಸ ಎಂದು ಹಿಂದೆ ಜೂಜಿನ ಚಟಕ್ಕೆ ಬಿದ್ದಿದ್ದ ಮಹಿಳೆಯೊಬ್ಬರು ಮೆಲ್ಬರ್ನ್‌ನ ಕ್ರೌನ್ ಕ್ಯಾಸಿನೊ ಮತ್ತು ತಯಾರಕರ ವಿರುದ್ಧ ದಾವೆ ಹೂಡಿದರು. 2018ರ ಫೆಬ್ರವರಿಯಲ್ಲಿ ಫೆಡರಲ್ ನ್ಯಾಯಾಲಯ ದಾವೆಯನ್ನು ವಜಾ ಮಾಡಿತು. ಯಂತ್ರ ತನ್ನ ಪಾರ್ ಶೀಟಿಗೆ ತಕ್ಕಂತೆ ನಡೆದಿತ್ತು, ಅನುಮೋದನೆ ಪಡೆದಿತ್ತು. ಪರೀಕ್ಷಕರು ಕೇಳಿದ ಪ್ರಶ್ನೆಗೆಲ್ಲ ಅದು ಸರಿಯಾದ ಉತ್ತರ ಕೊಟ್ಟಿತ್ತು.

ಚಕ್ರ ಸುಳ್ಳು ಹೇಳದಿದ್ದರೂ ಸದ್ದು ಹೇಳಬಹುದು. ಈಗಿನ ಯಂತ್ರಗಳಲ್ಲಿ ಒಂದೇ ಸುತ್ತಿಗೆ ಇಪ್ಪತ್ತು ಗೆರೆಗಳ ಮೇಲೆ ಪಣ ಕಟ್ಟಬಹುದು. ಗೆರೆಗೆ 1 ಸೆಂಟ್‌ನಂತೆ 20 ಸೆಂಟ್ ಹಾಕಿ, ಒಂದು ಗೆರೆಯಲ್ಲಿ 5 ಸೆಂಟ್ ಬಂದರೆ ಕಳೆದುಕೊಂಡದ್ದು 15 ಸೆಂಟ್. ಯಂತ್ರ ಮಾತ್ರ ದೀಪ ಮಿನುಗಿಸಿ ಗೆಲುವಿನ ಸಂಗೀತ ಹಾಡುತ್ತದೆ. ಕೆನಡಾದ ವಾಟರ್ಲೂ ವಿಶ್ವವಿದ್ಯಾಲಯದ ಮೈಕ್ ಡಿಕ್ಸನ್, ಕೆವಿನ್ ಹ್ಯಾರಿಗನ್ ಮತ್ತು ಜೊತೆಗಾರರು 2010ರಲ್ಲಿ ಆಟಗಾರರ ಚರ್ಮದ ಮೇಲಿನ ಬೆವರಿನ ಸೂಕ್ಷ್ಮ ಬದಲಾವಣೆ ಅಳೆದು ನೋಡಿದರು. ಗೆಲುವಿನ ವೇಷ ಹಾಕಿದ ಇಂಥ ಸೋಲಿಗೆ ದೇಹ ಪ್ರತಿಕ್ರಿಯಿಸಿದ್ದು ಸೋಲಿಗೆ ಪ್ರತಿಕ್ರಿಯಿಸಿದಂತಲ್ಲ, ನಿಜವಾದ ಗೆಲುವಿಗೆ ಪ್ರತಿಕ್ರಿಯಿಸಿದಂತೆ.

ಇದೆಲ್ಲ ದೂರದ ದೇಶಗಳ ವಿಷಯ ಎಂದು ನಾವು ಕೈ ತೊಳೆದುಕೊಳ್ಳುವಂತಿಲ್ಲ. ಕರ್ನಾಟಕದಲ್ಲಿ ಕ್ಯಾಸಿನೊ ಇಲ್ಲ. ಪಕ್ಕದ ಗೋವಾದಲ್ಲಿ 1992ರ ಕಾನೂನು ತಿದ್ದುಪಡಿ ಪಂಚತಾರಾ ಹೋಟೆಲುಗಳಲ್ಲಿ ಸ್ಲಾಟ್ ಮಷೀನಿಗೆ ದಾರಿ ಮಾಡಿತು. ಅದಕ್ಕಿಂತ ಹತ್ತಿರದ ನಂಟು ಇನ್ನೊಂದಿದೆ. ಅಮೆರಿಕದ ಹಳೆಯ ಸ್ಲಾಟ್ ತಯಾರಕ ಬ್ಯಾಲಿ ಬೆಂಗಳೂರು ಮತ್ತು ಚೆನ್ನೈಗಳಲ್ಲಿ ತಂತ್ರಾಂಶ ಕೇಂದ್ರಗಳನ್ನು ನಡೆಸುತ್ತಿತ್ತು. 2014ರಲ್ಲಿ ಅದನ್ನು ಕೊಂಡ ಸೈಂಟಿಫಿಕ್ ಗೇಮ್ಸ್, 2022ರಿಂದ ಲೈಟ್ ಅಂಡ್ ವಂಡರ್ ಎಂಬ ಹೆಸರಿನಲ್ಲಿದೆ. ನೆವಾಡದ ಯಾವುದೋ ಸಭಾಂಗಣದಲ್ಲಿ ಮಿನುಗುವ ಪರದೆಯ ಹಿಂದೆ ನಮ್ಮ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಓದಿದವರ ಸಾಲುಗಳಿರುವುದು ಅಚ್ಚರಿಯೇನಲ್ಲ. ಕೋಷ್ಟಕದಲ್ಲಿ ಯಾವ ಮನೆಗೆ ಎಷ್ಟು ಸಂಖ್ಯೆ ಎಂದು ತುಂಬುವ ಕೈ, ಗೆಲುವಿನ ಸಂಗೀತ ಯಾವಾಗ ನುಡಿಯಬೇಕೆಂದು ಷರತ್ತು ಬರೆಯುವ ಕೈ ಇಲ್ಲಿಯದೂ ಆಗಿರಬಹುದು. ಅವರಿಗೆ ಈ ಪ್ರಶ್ನೆಗಳು ಕಚೇರಿಯ ಕೆಲಸದ ಪ್ರಶ್ನೆಗಳೇ.

ತೋರಿಕೆಯನ್ನೂ ಲೆಕ್ಕದಷ್ಟೇ ಕಟ್ಟುನಿಟ್ಟಾಗಿ ಪರೀಕ್ಷಿಸಲು ಸಾಧ್ಯ. ಬ್ರಿಟನ್ ಆ ಕಡೆ ಒಂದು ಹೆಜ್ಜೆ ಇಟ್ಟಿದೆ. 2021ರ ಅಕ್ಟೋಬರ್ 31ರಿಂದ ಅಲ್ಲಿನ ಆನ್‌ಲೈನ್ ಸ್ಲಾಟ್ ಆಟಗಳಲ್ಲಿ ಒಂದು ಸುತ್ತು 2.5 ಸೆಕೆಂಡಿಗಿಂತ ಬೇಗ ಮುಗಿಯುವಂತಿಲ್ಲ, ತಾನಾಗಿ ಆಡಿಕೊಂಡು ಹೋಗುವ ಸೌಲಭ್ಯ ಇರುವಂತಿಲ್ಲ. ಮರಳಿ ಬಂದ ಹಣ ಪಣಕ್ಕೆ ಸಮನಾಗಿದ್ದರೆ ಅಥವಾ ಅದಕ್ಕಿಂತ ಕಡಿಮೆಯಾಗಿದ್ದರೆ ಸಂಭ್ರಮದ ಸದ್ದಾಗಲಿ ಚಿತ್ರವಾಗಲಿ ಕೂಡದು. ಪ್ರೋಗ್ರಾಮರನಿಗೆ ಇದು ಒಂದೇ ಸಾಲಿನ ಷರತ್ತು: ಬಂದದ್ದು ಹಾಕಿದ್ದಕ್ಕಿಂತ ದೊಡ್ಡದೇ? ಟೆಸ್ಟಿಂಗ್‌ನವರಿಗೆ ಮೂರು ಪರೀಕ್ಷೆ. 1 ಪೌಂಡ್ ಹಾಕಿ 99 ಪೆನ್ಸ್ ಬಂದಾಗ ಸದ್ದಿರಬಾರದು. ಸರಿಯಾಗಿ 1 ಪೌಂಡ್ ಬಂದಾಗಲೂ ಇರಬಾರದು. 1 ಪೌಂಡ್ 1 ಪೆನ್ನಿ ಬಂದರೆ ಮಾತ್ರ ಸಂಗೀತ ಕೇಳಬಹುದು.